ಗೂಡಿನ ಮೀನು, ದ್ವಾದಶಿಯ ಅಡುಗೆ

ಬಾಸ್ ಮೀನಿಗೆ ಕಚ್ಚುವಂಥ ಹಲ್ಲಿಲ್ಲ. ಬಾಯೊಳಗೆ ಬೆರಳಿಟ್ಟರೆ ಉಪ್ಪುಕಾಗದ ಉಜ್ಜಿದ ಹಾಗಾಗುತ್ತದೆ, ಅಷ್ಟೆ. ಗಾಳ ಬಿಡಿಸುವಾಗ ಅದರ ಕೆಳದುಟಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಹಾಗೆ ಹಿಡಿದರೆ ಎಂಥ ಮೀನೂ ಸುಮ್ಮನಾಗುತ್ತದೆ. ಒಂದು ಮೀನಿಗೆ ಏನೂ ಆಗುವುದಿಲ್ಲ. ಒಂದೇ ಬೆಳಿಗ್ಗೆ ಹತ್ತು ಹನ್ನೆರಡು ಹಿಡಿದರೆ ಹೆಬ್ಬೆರಳಿನ ಒಳಮೈ ಚರ್ಮ ಎದ್ದು ಸಣ್ಣ ಸಣ್ಣ ಗೀರು ಬೀಳುತ್ತದೆ. ಮೀನು ಹಿಡಿಯುವವರು ಆ ಗೀರನ್ನು ಒಬ್ಬರಿಗೊಬ್ಬರು ತೋರಿಸಿ ನಗುತ್ತಾರೆ. ನಾನು ಮುಚ್ಚಿಟ್ಟುಕೊಂಡೆ. ಯಾಕೆಂದರೆ ನಾನು ಅಡುಗೆಯವನು, ಅದರಲ್ಲೂ ಮಡಿ ಅಡುಗೆಯವನು. ಮೀನು ತಿನ್ನುವುದಿರಲಿ, ಈ ದೇಶಕ್ಕೆ ಬರುವ ತನಕ ಒಂದನ್ನು ಹತ್ತಿರದಿಂದ ನೋಡಿದವನೂ ಅಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಅಡುಗೆ ತಂಡ ಸೇರಿದವನು ನಾನು. ಬೆಂಗಳೂರಿನ ಛತ್ರಗಳಲ್ಲಿ ಮೊದಲು ಎಲೆ ತೊಳೆದೆ, ಆಮೇಲೆ ಕುಂಬಳಕಾಯಿ ಹೆಚ್ಚಿದೆ, ಆಮೇಲೆ ಒಲೆ ನೋಡಿಕೊಂಡೆ. ಸಾರಿನ ಹಂಡೆಯ ಮುಂದೆ ಮಾವ ನನ್ನನ್ನು ನಿಲ್ಲಿಸುವಷ್ಟರಲ್ಲಿ ಮೀಸೆ ಬಂದಿತ್ತು. ಆಮೇಲೆ ಯಾರೋ ಹೇಳಿ, ಯಾರೋ ಕರೆಸಿ, ಹ್ಯೂಸ್ಟನ್ ಕಡೆಯ ಒಂದು ದೇವಸ್ಥಾನದ ಅಡುಗೆಮನೆಗೆ ಬಂದೆ. ಈಗ ಅಲ್ಲೇ ಪಕ್ಕದ ಸ್ಟಾಫರ್ಡ್‌ನಲ್ಲಿ ನನ್ನದೇ ಒಂದು ಚಿಕ್ಕ ಅಡುಗೆಮನೆ ಇದೆ. ನಾನು, ನನ್ನ ಹೆಂಡತಿ, ಹಬ್ಬಗಳಲ್ಲಿ ಇನ್ನಿಬ್ಬರು. ಡಾಲಸ್‌ನಿಂದಲೂ ಆಸ್ಟಿನ್‌ನಿಂದಲೂ ಕರೆ ಬರುತ್ತದೆ. ದೊಡ್ಡ ದೊಡ್ಡ ಡಿಗ್ರಿ ಮಾಡಿದವರು ನನ್ನ ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ಸಾಲು ನಿಂತಾಗ ಶಾಲೆ ಬಿಟ್ಟದ್ದಕ್ಕೆ ನನಗೆ ಒಂದು ಸಾಸಿವೆಯಷ್ಟೂ ಬೇಸರ ಆಗಿಲ್ಲ. ಇದು ಜಂಬವಲ್ಲ, ಇದ್ದದ್ದು.

ಒಂದು ಮಾತು ಹೇಳಿಬಿಡಬೇಕು. ನೈವೇದ್ಯದ ಅಡುಗೆಯನ್ನು ಮಾಡುವವನು ರುಚಿ ನೋಡುವಂತಿಲ್ಲ. ದೇವರಿಗೆ ತೋರಿಸುವ ಮುಂಚೆ ನಾಲಿಗೆಗೆ ತಾಗಿದರೆ ಅದು ಎಂಜಲು. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲವನ್ನೂ ಹಬೆಯ ವಾಸನೆಯಲ್ಲೇ ತಿಳಿಯಬೇಕು. ಮಾವ ಕಲಿಸಿದ್ದರಲ್ಲಿ ಇದೇ ದೊಡ್ಡ ವಿದ್ಯೆ. ಸಾರಿಗೆ ಉಪ್ಪು ಕಡಿಮೆಯಿದ್ದರೆ ಹಬೆ ಮೂಗಿಗೆ ಬೋಳಾಗಿ ಬರುತ್ತದೆ. ನನ್ನ ಮೂಗು ತಪ್ಪಿದ್ದಿಲ್ಲ.

ಆ ಮೂಗನ್ನೂ ಈ ಕೈಯನ್ನೂ ನಂಬಿದವರಲ್ಲಿ ಮೊದಲನೆಯವರು ಆಸ್ಟಿನ್‌ನ ಒಬ್ಬ ಅಜ್ಜಿ. ಮೈಸೂರಿನವರು, ಎಂಬತ್ತು ದಾಟಿದವರು, ಮಗಳ ಮನೆಯಲ್ಲಿರುತ್ತಾರೆ. ದಿನವೂ ತಮ್ಮ ಅಡುಗೆ ತಾವೇ ಒಂದು ಚಿಕ್ಕ ಒಲೆಯ ಮೇಲೆ ಮಾಡಿಕೊಳ್ಳುತ್ತಾರೆ. ಹಬ್ಬದ ಅಡುಗೆಗೆ ಮೈಯಲ್ಲಿ ಶಕ್ತಿ ಇಲ್ಲ, ಆದ್ದರಿಂದ ಹಬ್ಬಗಳಿಗೆ ನಾನೇ ಹೋಗಿ ಅವರ ಮನೆಯಲ್ಲೇ ಮಡಿಯಲ್ಲಿ ಅಡುಗೆ ಮಾಡುತ್ತೇನೆ. ಹೊರಗಿನವರಲ್ಲಿ ನನ್ನೊಬ್ಬನ ಕೈಯ ಊಟ ಮಾತ್ರ ಅವರು ಮಾಡುವುದು. ಮಗಳು ಒಮ್ಮೆ ಬೇರೆ ಅಡುಗೆಯವರನ್ನು ಕರೆಸಿದ್ದಕ್ಕೆ ಅಜ್ಜಿ ಎರಡು ಬಾಳೆಹಣ್ಣು ತಿಂದು ಮಲಗಿದ್ದರಂತೆ. ಆ ಸುದ್ದಿ ಕೇಳಿದ ದಿನ ನಾನು ಎಷ್ಟು ಬೀಗಿದ್ದೆ ಅಂದರೆ ನನ್ನ ಹೆಂಡತಿ, "ಸಾಕು, ಬಾಗಿಲಲ್ಲಿ ಹಿಡಿಯಲ್ಲ ನೀವು" ಅಂದಿದ್ದಳು.

ಇಂಥವನು ಮೀನು ಹಿಡಿಯಲು ಹೇಗೆ ಹೋದೆ ಅಂತ ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ.

ನಮ್ಮ ಕಡೆ ಒಬ್ಬ ಸಾಫ್ಟ್‌ವೇರ್ ಸಾಹೇಬರಿದ್ದಾರೆ, ಧಾರವಾಡದ ಕಡೆಯವರು, ಅವರೂ ಮೊಟ್ಟೆ ಕೂಡ ಮುಟ್ಟದವರು. ಅವರ ಮನೆಯ ಹಿಂದೆ ಒಂದು ಚಿಕ್ಕ ಕೆರೆ. ಆ ಬಡಾವಣೆಯವರು ಮಾಡಿಸಿಕೊಂಡದ್ದು, ಸುತ್ತಲೂ ಮನೆಗಳು, ಒಂದು ಬದಿಯಲ್ಲಿ ಮರದ ಹಲಗೆಯ ಕಟ್ಟೆ. ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು ಅಂತ ಅಲ್ಲಿ ಬೋರ್ಡು ಹಾಕಿದ್ದಾರೆ. ಹೋದ ನವರಾತ್ರಿಯಲ್ಲಿ ಅವರ ಮನೆಗೆ ಊಟ ಕೊಟ್ಟು, ಪಾತ್ರೆ ತೆಗೆದುಕೊಳ್ಳಲು ಸಂಜೆ ಹೋದಾಗ ಅವರು ಕಟ್ಟೆಯ ಮೇಲೆ ಗಾಳದ ಕೋಲು ಹಿಡಿದು ನಿಂತಿದ್ದರು.

"ಬರ್ರಿ ಭಟ್ರ, ಒಂದ್ ಸಲ ಒಗೀರಿ ನೋಡೋಣ" ಅಂದರು.

"ಶಿವ ಶಿವಾ, ನಾನು ಮೀನು ಹಿಡಿಯೋದಾ ಸಾಹೇಬ್ರೆ?"

"ಇದ್ರಾಗ ಪಾಪ ಎಲ್ಲಿಂದ ಬಂತ್ರಿ? ಹುಳಾ ನೋಡ್ರಿ, ಪ್ಲಾಸ್ಟಿಕ್. ಹಿಡೀತೀವಿ, ಬಿಡ್ತೀವಿ. ಅದಕ್ಕೊಂದ್ ವ್ಯಾಯಾಮ, ನಮಗೊಂದ್ ವ್ಯಾಯಾಮ. ತಿನ್ನೋರಿಗೆ ಪಾಪ. ನಾವೇನ್ ತಿಂತೀವೇನ್ರಿ?"

ಆ ಮಾತು ನನಗೆ ಸರಿ ಅನಿಸಿತು. ಯೋಚಿಸಿ ನೋಡಿದರೆ ನಿಜವೇ ತಾನೆ? ಎರೆಹುಳವನ್ನು ಚುಚ್ಚಿಲ್ಲ. ಮೀನನ್ನು ಕೊಂದಿಲ್ಲ. ಮುಟ್ಟಿದ್ದಕ್ಕೆ ಸ್ನಾನ ಇದೆ. ನಾನು ಅವರ ಕೋಲು ತೆಗೆದುಕೊಂಡು ಎಸೆದೆ.

ಮೂರನೆಯ ಎಸೆತಕ್ಕೆ ದಾರದಲ್ಲಿ ಏನೋ ಟಪ್ ಅಂತು. ಹಬೆಯಲ್ಲಿ ಉಪ್ಪು ತಿಳಿಯುತ್ತದಲ್ಲ, ಹಾಗೆ; ಕಣ್ಣಿಗೆ ಕಾಣದ್ದು ಕೈಗೆ ತಿಳಿಯಿತು. ಎಳೆದೆ. ನೀರು ಒಡೆದುಕೊಂಡು ಒಂದು ಹಸಿರು ಮೀನು ಮೇಲಕ್ಕೆ ಹಾರಿ ತಲೆ ಕೊಡವಿತು. ಅದರ ಬಾಯಿ ಒಂದು ಪಂಚಪಾತ್ರೆ ಹೋಗುವಷ್ಟು ಅಗಲ. ನಾನು ಕೂಗಿದೆನಂತೆ. ಏನು ಕೂಗಿದೆ ಅಂತ ನೆನಪಿಲ್ಲ. ಸಾಹೇಬರು ಹೇಳುವ ಪ್ರಕಾರ "ಎಲೆ ಹಾಕ್ರೋ" ಅಂತ ಕೂಗಿದೆ.

ಅಲ್ಲಿಂದ ಅದು ಅಂಟಿಕೊಂಡಿತು. ವಾರಕ್ಕೆ ಒಂದು ಸಲ, ಕೆಲಸ ಇಲ್ಲದ ಬೆಳಿಗ್ಗೆ. ಚಳಿಗಾಲದಲ್ಲಿ ಮೀನು ಆಳಕ್ಕೆ ಇಳಿದು ಮಂಕಾಗಿರುತ್ತದೆ. ಹುಳವನ್ನು ತಳದಲ್ಲಿ ಎಳೆದೂ ಎಳೆಯದ ಹಾಗೆ ಎಳೆಯಬೇಕು. ಸಾಹೇಬರು ವಿಡಿಯೋ ನೋಡಿ ನೋಡಿ ಕಲಿತವರು, ನೀರಿನ ಟೆಂಪರೇಚರ್ ಹೇಳುತ್ತಾರೆ, ಗಾಳಿಯ ದಿಕ್ಕು ಹೇಳುತ್ತಾರೆ. ಮೀನು ಮಾತ್ರ ನನಗೇ ಜಾಸ್ತಿ ಬೀಳುತ್ತಿತ್ತು. "ಭಟ್ರ, ನಿಮಗ ಯಾರು ಹೇಳಿಕೊಟ್ರು?" ಅಂದರೆ, "ಹಾಲು ಉಕ್ಕೋ ಮುಂಚೆ ಗೊತ್ತಾಗಲ್ವಾ, ಹಾಗೆ" ಅನ್ನುತ್ತಿದ್ದೆ. ಅವರು ಮತ್ತೆ ಫೋನಿನಲ್ಲಿ ವಿಡಿಯೋ ಹುಡುಕುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೆಂಡತಿಗೆ ಗೊತ್ತಿತ್ತು. ನಾನು ವಾಪಸ್ ಬಂದರೆ ಹಿತ್ತಲಲ್ಲೇ ಪೈಪು ಹಿಡಿದು ನಿಂತಿರುತ್ತಿದ್ದಳು. ಮೈಮೇಲೆ ನೀರು ಬಿಡುತ್ತಾ ಬೈಯುತ್ತಿದ್ದಳು.

"ತಿನ್ನೋರಾದ್ರೆ ತಿನ್ನಿ, ಇಲ್ಲ ಬಿಡಿ. ಇದ್ಯಾವ ಸೀಮೆ ಆಟ? ಹಿಡಿಯೋದು, ಅದರ ಜೊತೆ ಫೋಟೋ ತೆಗೆಸ್ಕೊಳೋದು, ಟಾಟಾ ಮಾಡಿ ಕಳಿಸೋದು. ಅದೇನು ನಿಮ್ಮ ಸೋದರತ್ತೆ ಮಗಳಾ?"

"ಯಾರಿಗೂ ಹೇಳ್ಬೇಡ."

"ಹೇಳೋದಕ್ಕೆ ನನಗೇನು ಮಾನ ಇಲ್ವಾ?"

ಮಾರ್ಚ್ ಬಂತು. ನೀರು ಬೆಚ್ಚಗಾಯಿತು. ಸಾಹೇಬರು ಫೋನ್ ಮಾಡಿ, "ಭಟ್ರ, ಮೀನು ದಂಡಿಗೆ ಬಂದಾವ್ರಿ, ದಡದ ಹತ್ರ. ಇಡೀ ವರ್ಷದಾಗ ಇದೊಂದ್ ತಿಂಗಳು. ಬಿಟ್ರ ಕೆಟ್ರಿ" ಅಂದರು. ರಾಮನವಮಿಗೆ ಎರಡು ದಿನ ಇತ್ತು. ನವಮಿಗೆ ನಾನು ಆಸ್ಟಿನ್‌ನಲ್ಲಿ ಅಜ್ಜಿಯ ಮನೆಯಲ್ಲಿರಬೇಕು. ಎರಡು ದಿನ ಇದೆಯಲ್ಲ, ಅಷ್ಟರಲ್ಲಿ ನಾಲ್ಕು ಸ್ನಾನ ಆಗುತ್ತದೆ ಅಂದುಕೊಂಡು ಹೋದೆ.

ಆ ದಿನ ನೀರು ತಿಳಿಯಾಗಿತ್ತು. ಸಾಹೇಬರು ನೀರೊಳಗೆ ನೋಡುವ ಕಪ್ಪು ಕನ್ನಡಕ ಕೊಟ್ಟರು. ಕಟ್ಟೆಯ ಪಕ್ಕ, ಸೊಂಟದ ಮಟ್ಟದ ನೀರಿನಲ್ಲಿ, ತಳದಲ್ಲಿ ಒಂದು ದುಂಡನೆಯ ಬಿಳಿ ಜಾಗ ಕಂಡಿತು. ಯಾರೋ ಕೂತು ಒರೆಸಿ, ಇನ್ನೇನು ರಂಗೋಲಿ ಹಾಕಬೇಕು ಅಂತಿಟ್ಟ ಹಾಗೆ. ಅದರ ಮೇಲೆ ಒಂದು ಬಾಸ್ ಅಲುಗಾಡದೆ ನಿಂತಿತ್ತು.

"ಅದು ಗೂಡರಿ" ಅಂದರು ಸಾಹೇಬರು. "ಗಂಡು ಬಾಲ ಬಡಿದು ಬಡಿದು ಸ್ವಚ್ಛ ಮಾಡ್ತೈತಿ. ಹೆಣ್ಣು ಬಂದು ತತ್ತಿ ಇಟ್ಟು ಹೋಗಿಬಿಡ್ತೈತಿ. ಗಂಡು ಕೂತು ಕಾಯ್ತೈತಿ. ಊಟ ಇಲ್ಲ, ಏನಿಲ್ಲ."

"ಊಟ ಇಲ್ಲ ಅಂದ್ರೆ ನಮ್ಮ ಹುಳ ಯಾಕೆ ತಿನ್ನುತ್ತೆ?"

"ಒಗೀರಿ, ಗೊತ್ತಾಗ್ತೈತಿ."

ಎಸೆದೆ. ಪ್ಲಾಸ್ಟಿಕ್ ಹುಳ ಬಿಳಿ ಜಾಗದ ನಡುವೆ ಬಿತ್ತು. ಮೀನು ಮುಂದೆ ಬಂತು, ತಲೆ ತಗ್ಗಿಸಿತು, ನೋಡಿತು. ಹಸಿದ ಮೀನಿನ ಹಾಗೆ ಹಾರಿ ಬೀಳಲಿಲ್ಲ. ತುಟಿಯ ತುದಿಯಲ್ಲಿ ಹುಳವನ್ನು ಎತ್ತಿಕೊಂಡು ಗೂಡಿನ ಅಂಚಿನ ಕಡೆಗೆ ಹೊರಟಿತು. ಕಸ ಎತ್ತಿ ಹಾಕುವ ಹಾಗೆ. ಊಟಕ್ಕೆ ಮುಂಚೆ ಪಂಕ್ತಿಯ ನೆಲದಲ್ಲಿ ಬಿದ್ದ ದರ್ಭೆಯನ್ನೋ ಹೂವಿನ ಎಸಳನ್ನೋ ನಾನು ಎತ್ತಿ ಆಚೆ ಹಾಕುವುದಿಲ್ಲವೆ, ಥೇಟ್ ಹಾಗೆ. ನನಗೆ ಅದು ಅರ್ಥವಾಗುವುದಕ್ಕೂ ನನ್ನ ಕೈ ಎಳೆಯುವುದಕ್ಕೂ ಒಂದೇ ಗಳಿಗೆ. ಕೈ ಮುಂದಾಯಿತು.

ದೊಡ್ಡ ಮೀನು. ಸಾಹೇಬರು ಅಳತೆಯ ಹಲಗೆ ತಂದರು, ತೂಕದ ಕೊಕ್ಕೆ ತಂದರು, ಫೋನ್ ತೆಗೆದರು. ನಾನು ಹೆಬ್ಬೆರಳು ಅದರ ಬಾಯಲ್ಲಿಟ್ಟು ಎತ್ತಿ ಹಿಡಿದು ನಿಂತೆ. "ನಗ್ರಿ ಭಟ್ರ." ನಗುತ್ತಾ ಕೆಳಗೆ ನೋಡಿದೆ. ಬಿಳಿ ಜಾಗದ ತುಂಬ ಸಣ್ಣ ಮೀನುಗಳು. ಬ್ಲೂಗಿಲ್ ಅನ್ನುತ್ತಾರೆ, ಅಂಗೈ ಅಗಲದವು. ಎಲ್ಲಿದ್ದವೋ ಏನೋ, ಎರಡನೇ ಪಂಕ್ತಿಗೆ ನುಗ್ಗಿದವರ ಹಾಗೆ ಬಂದು ತಲೆ ಬಗ್ಗಿಸಿ ತಿನ್ನುತ್ತಿದ್ದವು.

"ಸಾಹೇಬ್ರೆ, ಅವೇನು ತಿಂತಿರೋದು?"

"ತತ್ತಿ ಇರಬೇಕ್ರಿ. ತಡೀರಿ, ಇನ್ನೊಂದ್ ಫೋಟೋ."

ಆಮೇಲೆ ಮೀನನ್ನು ನೀರಿಗೆ ಬಿಟ್ಟೆ. ಸಾಹೇಬರು ಫೋನ್ ಮುಂದೆ ಹಿಡಿದು, "ನೋಡ್ರಿ, ಏನ್ ಪರ್ಸನಾಲಿಟಿ!" ಅಂದರು. ನೋಡಿದೆ. ಫೋಟೋದಲ್ಲಿ ನಾನು ಚೆನ್ನಾಗಿಯೇ ಕಾಣುತ್ತಿದ್ದೆ. ತಲೆ ಎತ್ತಿದಾಗ ತಳದ ಕೆಸರೆದ್ದು ಏನೂ ಕಾಣಲಿಲ್ಲ. ಆ ಬೆಳಿಗ್ಗೆ ಇನ್ನೂ ಎಂಟೊಂಬತ್ತು ಮೀನು ಹಿಡಿದೆ, ಬೇರೆ ಕಡೆ. ಯಾಕೆ ಮುಂದುವರಿಸಿದೆ ಅಂತ ಈಗಲೂ ತಿಳಿಯುತ್ತಿಲ್ಲ. ಹೆಬ್ಬೆರಳು ಕೆಂಪಾಯಿತು.

ನವಮಿಯ ದಿನ ಅಜ್ಜಿಯ ಮನೆಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಒಲೆ ಹಚ್ಚಿದೆ. ಮಗಳು ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೋಸಂಬರಿಗೆ ನಿಂಬೆಹಣ್ಣು ಹಿಂಡುವಾಗ ಹೆಬ್ಬೆರಳು ಉರಿದು, "ಸ್" ಅಂದೆ.

"ಏನೋ ಅದು ಬೆರಳಿಗೆ?"

"ಏನಿಲ್ಲ ಅಜ್ಜಿ, ಕಾಯಿ ತುರೀತಾ ತರಚ್ಕೊಂಡೆ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಸಾವಿರಾರು ಕಾಯಿ ತುರಿದ ಕೈ ಇದು. ಮೀನು ಮುಟ್ಟಿದೆ ಅನ್ನುವುದನ್ನು ಮುಚ್ಚಲು, ಕಾಯಿ ತುರಿಯಲು ಬರುವುದಿಲ್ಲ ಅಂತ ಒಪ್ಪಿಕೊಂಡಿದ್ದೆ.

"ಇಲ್ಲಿ ತಾ, ನೋಡೋಣ" ಅಂದರು. ದೂರದಿಂದಲೇ ಹಿಡಿದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ತುರಿಯೋಮಣೆ ಹೀಗೆ ಗೀರಲ್ಲ ಕಣೋ. ಎಪ್ಪತ್ತು ವರ್ಷ ತುರಿದಿದೀನಿ. ಅದು ಕಚ್ಚಿದ್ರೆ ಗೆಣ್ಣಿಗೆ ಕಚ್ಚುತ್ತೆ, ಒಳಗಡೆ ಕಚ್ಚಲ್ಲ. ಏನಿದು?"

ಹೇಳಿಬಿಟ್ಟೆ. ನವರಾತ್ರಿಯಿಂದ ಹಿಡಿದು, ಪ್ಲಾಸ್ಟಿಕ್ ಹುಳ, ಗೂಡು, ಬ್ಲೂಗಿಲ್, ಎಲ್ಲ. ಹೇಳುತ್ತಾ ಹೋದ ಹಾಗೆ ನನ್ನ ವಾದಗಳೂ ಬಂದವು. "ಕೊಂದಿಲ್ಲ ಅಜ್ಜಿ. ವಾಪಸ್ ಬಿಟ್ಟಿದೀನಿ. ಎರಡು ದಿನ ಆಯ್ತು, ಸ್ನಾನ ಮಾಡಿದೀನಿ, ಇವತ್ತೂ ತಣ್ಣೀರಲ್ಲಿ ಮಾಡಿದೀನಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ನನಗೆ ದಾರಿ ಗೊತ್ತಿತ್ತು.

"ಮುಟ್ಟಿದ್ದಕ್ಕೆ ಸ್ನಾನ ಇದೆ, ಸರಿ. ಕಾಯ್ತಾ ಇದ್ದವನನ್ನ ಎತ್ಕೊಂಡು ಹೋದದ್ದಕ್ಕೆ ಏನಿದೆಯೋ, ನಂಗೊತ್ತಿಲ್ಲ" ಅಂದರು. ಆಮೇಲೆ, "ಅದು ವಾಪಸ್ ಹೋಗಿ ಕೂತ್ಕೊಂಡ್ತಾ?"

"ಗೊತ್ತಿಲ್ಲ ಅಜ್ಜಿ."

"ನೋಡ್ಲಿಲ್ವಾ?"

"ಫೋಟೋ ನೋಡ್ತಾ ಇದ್ದೆ."

ಅವರು ಕುರ್ಚಿಯಿಂದ ಎದ್ದರು. ಚೊಂಬಿನಲ್ಲಿ ನೀರು ತೆಗೆದುಕೊಂಡು, ಬೆಲ್ಲ ಕುಟ್ಟಿ ಹಾಕಿ, ಮೆಣಸು ಏಲಕ್ಕಿ ಹಾಕಿ ತಾವೇ ಪಾನಕ ಮಾಡಿ ದೇವರ ಮುಂದಿಟ್ಟರು. ನಾನು ಮಾಡಿದ್ದನ್ನು ಮನೆಯವರಿಗೆ ಬಡಿಸಲು ಹೇಳಿದರು. ಎಲ್ಲರೂ ಚೆನ್ನಾಗಿದೆ ಅಂತ ಉಂಡರು. ಅಜ್ಜಿ ಒಂದು ಲೋಟ ಪಾನಕ ಕುಡಿದು ಕೋಣೆಗೆ ಹೋದರು. ನಾನು ಪಾತ್ರೆ ತೊಳೆದಿಟ್ಟು ಹೊರಡುವಾಗ ಒಳಗಿನಿಂದಲೇ, "ದ್ವಾದಶಿ ಪಾರಣೆಗೆ ಬರ್ತೀಯಲ್ಲ? ಅಷ್ಟರೊಳಗೆ ಆ ಮೀನಿಂದು ಏನಾಯ್ತು ನೋಡ್ಕೊಂಡು ಬಾ" ಅಂದರು.

ಅಡುಗೆ ಮಾಡಲು ಬಾ ಅಂದರೋ, ಸುದ್ದಿ ಹೇಳಲು ಮಾತ್ರ ಬಾ ಅಂದರೋ, ಕಾರಿನಲ್ಲಿ ಉದ್ದಕ್ಕೂ ಯೋಚಿಸಿದೆ. ಏಕಾದಶಿ ಅವರಿಗೆ ನೀರೂ ಇಲ್ಲದ ಉಪವಾಸ. ದ್ವಾದಶಿ ಬೆಳಿಗ್ಗೆ ಉಣ್ಣದಿದ್ದರೆ ಈ ವಯಸ್ಸಿಗೆ ಏನು ಗತಿ? ಉಪವಾಸದ ಮರುದಿನ ತಾವೇ ಒಲೆಯ ಮುಂದೆ ನಿಲ್ಲುವ ತ್ರಾಣ ಅವರಿಗಿಲ್ಲ, ಬೇಕಾದ್ದು ನಾನು ಮಾಡಿದ ಅಡುಗೆ. ಅದು ಆಗುತ್ತದೋ ಇಲ್ಲವೋ ಒಂದು ಮೀನಿನ ಮೇಲೆ ನಿಂತಿತ್ತು. ಇಂಥ ಲೆಕ್ಕ ನನ್ನ ಮಾವನಿಗೂ ಗೊತ್ತಿರಲಾರದು.

ದಶಮಿಯ ದಿನ ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿ ಒಂದು ಸೀಮಂತದ ಅಡುಗೆ ಒಪ್ಪಿಕೊಂಡಿದ್ದೆ. ಬಿಡುವಂತಿರಲಿಲ್ಲ. ಹೋಳಿಗೆ ಬೇಯಿಸುತ್ತಾ ಸಾಹೇಬರಿಗೆ ಫೋನ್ ಮಾಡಿದೆ.

"ಸ್ವಲ್ಪ ಕಟ್ಟೆ ಹತ್ರ ಹೋಗಿ ನೋಡಿ ಸಾಹೇಬ್ರೆ, ಮೀನು ಇದೆಯಾ ಅಂತ."

"ಭಟ್ರ, ಆಫೀಸ್‌ನ್ಯಾಗ ಅದೀನ್ರಿ."

"ಮಧ್ಯಾಹ್ನ ಹೋಗಿ."

"ಏನ್ರಿ ಇದು, ಬಾಣಂತಿ ನೋಡ್ಕೊಂಡ್ ಬಾ ಅಂದಂಗ ಹೇಳಾಕತ್ತೀರಿ?"

ಆದರೂ ಒಳ್ಳೆಯ ಮನುಷ್ಯ, ಹೋದರು. ವಿಡಿಯೋ ಕಳಿಸಿದರು. ಅದರಲ್ಲಿ ಬಿಸಿಲಿನ ಹೊಳಪು, ನೀರು, ಅವರ ಚಪ್ಪಲಿ ಮಾತ್ರ ಕಂಡವು. "ಕೂತೈತಿ ನೋಡ್ರಿ" ಅನ್ನುವ ಅವರ ದನಿ ಕೇಳಿತು. ನಾನು ಆ ವಿಡಿಯೋವನ್ನು ಹತ್ತು ಸಲ ನೋಡಿದೆ. ಒಂದು ಹೋಳಿಗೆ ಸೀದಿತು. ಸೀಮಂತದ ಹುಡುಗಿಯ ಅಮ್ಮ ಬಂದು, "ಭಟ್ರೇ, ಏನೋ ಸೀದ ವಾಸನೆ ಬರ್ತಿದೆಯಲ್ಲ?" ಅಂದಾಗಲೇ ನನಗೆ ತಿಳಿದದ್ದು. ನನಗೆ! ನನ್ನ ಮೂಗಿಗೆ!

ಏಕಾದಶಿ ಮಧ್ಯಾಹ್ನ ಕೆರೆಯ ಹತ್ತಿರ ಬಂದೆ. ಸಾಹೇಬರು ಮನೆಯಿಂದಲೇ ಕೆಲಸ ಮಾಡುತ್ತಿದ್ದವರು ಇಳಿದು ಬಂದರು. ಕಪ್ಪು ಕನ್ನಡಕ ಹಾಕಿ ನೋಡಿದೆ. ಗೂಡಿನ ಮೇಲೆ ಒಂದು ಮೀನು ಇತ್ತು. ಬಾಲ ಮೆಲ್ಲಗೆ ಆಡಿಸುತ್ತಿತ್ತು. ಎದೆ ಹಗುರಾಯಿತು. ಮರುಗಳಿಗೆಗೆ ಇನ್ನೊಂದು ಅನುಮಾನ ಬಂತು.

"ಇದು ಅದೇನಾ?"

"ಯಾವುದು?"

"ನಾನು ಹಿಡಿದದ್ದು. ಬೇರೆ ಯಾವುದೋ ಬಂದು ಜಾಗ ಖಾಲಿ ಇದೆ ಅಂತ ಕೂತಿರಬಹುದಲ್ಲ?"

ಸಾಹೇಬರು ತಲೆ ಕೆರೆದುಕೊಂಡರು. "ಹಂಗೂ ಆಗ್ತಿರಬೌದ್ರಿ. ನಿಮ್ಮ ಮೀನಿನ ಬಲಗಡೆ ತುಟಿಗೆ ಗಾಳ ಚುಚ್ಚಿದ ತೂತು ಇರ್ತೈತಿ. ಅದನ್ನ ನೋಡ್ಬೇಕು."

"ಹೇಗೆ ನೋಡೋದು?"

"ಮತ್ತ್ ಹೆಂಗ್ರಿ? ಹಿಡಿದು ನೋಡೋದು." ಕೋಲು ನನ್ನ ಕೈಗೆ ಕೊಟ್ಟರು.

ನಾನು ಕೋಲು ಹಿಡಿದು ನಿಂತೆ. ಆ ಮೀನನ್ನು ಅದರ ಗೂಡಿನಿಂದ ಎತ್ತಿದ್ದು ತಪ್ಪು. ಅದು ಮರಳಿ ಬಂತೋ ಇಲ್ಲವೋ ತಿಳಿಯಬೇಕಾದರೆ ಇನ್ನೊಮ್ಮೆ ಎತ್ತಬೇಕು. ಯಾವ ಊರ ನ್ಯಾಯ ಇದು? ನಗು ಬಂತು, ಅಳುವೂ ಬಂತು. ಇನ್ನೂ ಒಂದು ಹೇಳಬೇಕು: ಕೋಲು ಕೈಗೆ ಬಂದ ಕೂಡಲೇ ಕೈಗೆ ಎಸೆಯಬೇಕು ಅನಿಸಿತು. ತುಟಿಯ ತೂತು ನೋಡಲಿಕ್ಕಲ್ಲ, ಸುಮ್ಮನೆ ಎಸೆಯಬೇಕು ಅಂತ. ಆ ಟಪ್ ಬೇಕು ಅಂತ. ಉಪವಾಸದ ದಿನ, ಅಜ್ಜಿ ಅಲ್ಲಿ ಕಾಯುತ್ತಿರುವಾಗ.

"ಇಕ್ಕಳ ಇದೆಯಾ?" ಅಂದೆ. ಸಾಹೇಬರು ಕೊಟ್ಟರು. ಗಾಳದ ಕೊಕ್ಕೆಯನ್ನು ಬುಡಕ್ಕೇ ಕತ್ತರಿಸಿ, ಬರೀ ಪ್ಲಾಸ್ಟಿಕ್ ಹುಳವನ್ನು ದಾರಕ್ಕೆ ಉಳಿಸಿಕೊಂಡು ಎಸೆದೆ.

"ಇದೇನ್ ಮಾಡಾಕತ್ತೀರಿ? ಹಿಂಗ ಮೀನು ಸಿಗೂದಿಲ್ರಿ."

"ಸಿಗೋದು ಬೇಡ."

ಹುಳ ಗೂಡಿಗೆ ಬಿತ್ತು. ಮೀನು ಬಂತು. ತುಟಿಯ ತುದಿಯಲ್ಲಿ ಎತ್ತಿಕೊಂಡಿತು. ಟಪ್. ನಾನು ಎಳೆಯಲಿಲ್ಲ. ಅದು ಹುಳವನ್ನು ಗೂಡಿನ ಅಂಚು ದಾಟಿಸಿ, ಒಂದು ಮೊಳ ದೂರ ಒಯ್ದು ಉಗಿಯಿತು. ತಿರುಗಿ ಬಂದು ನಡುವೆ ನಿಂತಿತು. ಒಂದು ಬ್ಲೂಗಿಲ್ ಹತ್ತಿರ ಬಂದದ್ದಕ್ಕೆ ನುಗ್ಗಿ ಅಟ್ಟಿತು. ತುಟಿಯಲ್ಲಿ ತೂತು ಇತ್ತೋ ಇಲ್ಲವೋ ಕಾಣಲಿಲ್ಲ.

ಸಂಜೆ ಹೊರಟು ಆಸ್ಟಿನ್ ಸೇರಿ, ಅಜ್ಜಿಯ ಮನೆಯಲ್ಲೇ ಮಲಗಿದೆ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಸ್ನಾನ ಮಾಡಿ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತೆ. ಒಳಗೆ ಕಾಲಿಡಲಿಲ್ಲ. ಸ್ಟಾಫರ್ಡ್‌ನ ಅಂಗಡಿಯಿಂದ ತಂದ ಅಗಸೆ ಸೊಪ್ಪು, ನೆಲ್ಲಿಕಾಯಿಯ ಚೀಲ ಕೈಯಲ್ಲಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಉಪವಾಸದಿಂದ ಮುಖ ಇಳಿದಿತ್ತು.

"ಒಂದು ಮೀನು ಕೂತಿದೆ ಅಜ್ಜಿ. ಕಾಯ್ತಾ ಇದೆ. ಅದೇನಾ, ಬೇರೆದಾ ಗೊತ್ತಾಗ್ಲಿಲ್ಲ."

"ಕಾಯ್ತಾ ಇದೆ ಅಂತ ಹೇಗೆ ಗೊತ್ತು?"

ಕೊಕ್ಕೆ ಕತ್ತರಿಸಿ ಎಸೆದದ್ದನ್ನು ಹೇಳಿದೆ. ಇದನ್ನು ಕೇಳಿ ಸಮಾಧಾನ ಆಗುತ್ತಾರೆ ಅಂದುಕೊಂಡಿದ್ದೆ.

"ಅಯ್ಯೋ ನಿನ್ನ! ಇನ್ನೊಂದು ಸಲ ಗೋಳು ಹುಯ್ಕೊಂಡ್ಯಾ ಅದನ್ನ?"

"ನೀವೇ ನೋಡ್ಕೊಂಡು ಬಾ ಅಂದ್ರಲ್ಲ ಅಜ್ಜಿ!"

"ನೋಡು ಅಂದೆ. ಕೆಣಕು ಅಂದ್ನಾ?"

ಚೀಲ ಹಿಡಿದುಕೊಂಡು ಹಾಗೇ ನಿಂತೆ. ಅಜ್ಜಿ ನನ್ನ ಮುಖ ನೋಡಿದರು, ಹೆಬ್ಬೆರಳು ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ತುರಿಮಣೆಯನ್ನು ತಮ್ಮ ಮುಂದೆ ಎಳೆದುಕೊಂಡರು.

"ದೇವರಿಗೆ ನಾನು ಹಾಲು ಸಕ್ಕರೆ ಇಟ್ಟಾಯ್ತು. ಒಳಗೆ ಬಾ. ಹೊತ್ತಾಗ್ತಿದೆ. ಕಾಯಿ ನಾನು ತುರೀತೀನಿ, ನಿನ್ನ ಬೆರಳು ಉರಿಯುತ್ತೆ. ನೀನು ಮಾಡೋದು ನನಗೆ. ರುಚಿ ನೋಡ್ಕೊಂಡು ಮಾಡು."

ಒಲೆ ಹಚ್ಚಿದ ಮೇಲೆ ಆ ಮಾತು ನನಗೆ ಪೂರ್ತಿ ಇಳಿಯಿತು. ರುಚಿ ನೋಡಿಕೊಂಡು ಮಾಡು ಅಂದರೆ, ಈ ಅಡುಗೆ ನೈವೇದ್ಯಕ್ಕಲ್ಲ. ದೇವರಿಗೆ ನನ್ನ ಕೈಯದು ಬೇಡ ಅಂತಲೋ? ಆದರೆ ತಮಗೆ ಬೇಕು ಅಂದರಲ್ಲ. ಒಂದು ದಿನ ಪೂರ್ತಿ ಉಪವಾಸ ಇದ್ದು, ಮೊದಲ ತುತ್ತು ನನ್ನ ಕೈಯದೇ ಅಂದರಲ್ಲ. ಅದು ಮೇಲೋ, ಇದು ಮೇಲೋ? ನಾನು ಪಾಸೋ, ಫೇಲೋ? ಅಜ್ಜಿಯ ಮುಖದಲ್ಲಿ ಏನೂ ಬರೆದಿರಲಿಲ್ಲ. ಬಗ್ಗಿ ಕಾಯಿ ತುರಿಯುತ್ತಿದ್ದರು, ಸಣ್ಣಗೆ, ಒಂದೇ ಸಮ.

ಸಾರು ಕುದಿಯಿತು. ಹಬೆ ಎಳೆದುಕೊಂಡೆ, ಉಪ್ಪು ಸರಿಯಿದೆ ಅಂತು ಮೂಗು. ಆದರೆ ರುಚಿ ನೋಡು ಅಂದಿದ್ದಾರಲ್ಲ. ಆ ಅಡುಗೆಮನೆಯಲ್ಲಿ ಮೊಟ್ಟಮೊದಲ ಸಲ ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿ ನೆಕ್ಕಿದೆ. ನಾಲಿಗೆ ಸಪ್ಪೆ ಅಂತು. ಮೂಗು ಸರಿ ಅನ್ನುತ್ತದೆ, ನಾಲಿಗೆ ಸಪ್ಪೆ ಅನ್ನುತ್ತದೆ. ಯಾವುದನ್ನು ನಂಬುವುದು? ಒಂದು ಚಿಟಿಕೆ ಹಾಕಿದೆ. ಮತ್ತೆ ನೆಕ್ಕಿದೆ. ಇನ್ನೊಂದು ಚಿಟಿಕೆ ಹಾಕಿದೆ.

ಅಜ್ಜಿಗೆ ಎಲೆ ಹಾಕಿ ಬಡಿಸಿದೆ. ನೆಲ್ಲಿಕಾಯಿ ತಂಬುಳಿ, ಅಗಸೆ ಸೊಪ್ಪಿನ ಪಲ್ಯ, ಅನ್ನ, ಸಾರು. ಆಪೋಶನ ತೆಗೆದುಕೊಂಡು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ನಾನು ಕಂಬದ ಹಾಗೆ ನಿಂತಿದ್ದೆ. ಮೆಲ್ಲಗೆ ಅಗಿದರು.

"ಉಪ್ಪು ಜಾಸ್ತಿ ಕಣೋ."

"ರುಚಿ ನೋಡಿ ಹಾಕ್ದೆ ಅಜ್ಜಿ."

"ಅದಕ್ಕೇ" ಅಂದರು. ಎಲೆಯ ಮೇಲೆ ಅನ್ನದಲ್ಲಿ ಇನ್ನೊಂದು ಗುಳಿ ಮಾಡಿ, ಸಾರು ಹಾಕು ಅಂತ ಕೈ ತೋರಿಸಿದರು. ಹಾಕಿದೆ.